ಅಂಬಾಸಿಡರ್ ಕಾರಿನ ಹಿಂಭಾಗದ ಬುಷ್ ಬದಲಾಯಿಸುವವರಿಗೆ

ಎಲ್ಲರಿಗೂ ನಮಸ್ಕಾರ. ಹಂಪ್ ಹತ್ತಿಸಿದಾಗಲೆಲ್ಲ ಹಿಂದಿನಿಂದ 'ಕಿರ್‍ರ್ ಟಕ್' ಅನ್ನುತ್ತೆ ಅಂತ ಮೂರು ಜನ ಕೇಳಿದ್ದೀರಿ. ಜಾಸ್ತಿ ಸಲ ಅದು ಲೀಫ್ ಸ್ಪ್ರಿಂಗ್‌ನ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಶ್ಯಾಕಲ್ ಬುಷ್ ಸವೆದ ಸದ್ದು. ಸ್ಪ್ರಿಂಗ್ ತುದಿಯನ್ನು ಬಾಡಿಗೆ ಜೋಡಿಸುವ ಕೊಂಡಿ ಶ್ಯಾಕಲ್, ಅದರೊಳಗಿನ ರಬ್ಬರ್ ಬಳೆ ಬುಷ್. ಮನೆಯಲ್ಲೇ ಬದಲಾಯಿಸಬಹುದು.

ಮೊದಲು ಒಂದು ಮಾತು. ಅಂಬಾಸಿಡರ್‌ನಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರವನ್ನು, ಗೇರ್ ಹಿಡಿಯುವುದೂ ಅದನ್ನೇ. ಹಿಂಭಾಗ ಎತ್ತಿದರೆ ಎರಡೂ ಲೆಕ್ಕಕ್ಕಿಲ್ಲ! ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಡಿ. ಸಮತಟ್ಟಾದ ಗಟ್ಟಿ ನೆಲವೇ ಬೇಕು. ಕಾರಿನ ಬಾಡಿ ಜಾಕ್ ಸ್ಟ್ಯಾಂಡ್ ಮೇಲೆ ಕೂರಬೇಕು, ಆಕ್ಸಲ್ (ಹಿಂದಿನ ಚಕ್ರಗಳ ನಡುವಿನ ಅಚ್ಚು) ಕೆಳಗೆ ಬೇರೆ ಜಾಕ್ ಇರಬೇಕು. ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ. ಇಟ್ಟಿಗೆಯಂತೂ ಬೇಡವೇ ಬೇಡ.

ಹಿಂದಿನ ರಾತ್ರಿಯೇ ನಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಹೊಸ ರಬ್ಬರ್ ಬುಷ್‌ಗೆ ಗ್ರೀಸ್ ಬೇಡ, ರಬ್ಬರ್ ಉಬ್ಬಿ ಹಾಳಾಗುತ್ತೆ. ಸೋಪಿನ ನೀರು ಸವರಿ, ಜಾರಿಕೊಂಡು ಕೂರುತ್ತೆ. ಎರಡೂ ಕಡೆ ಒಟ್ಟಿಗೇ ಹಾಕಿ.

ನಾನು ಮಾಡಿದ ಎಡವಟ್ಟು ಕೇಳಿ. ಕಾರು ಮೇಲಿದ್ದಾಗಲೇ ಶ್ಯಾಕಲ್ ನಟ್ ಪೂರ್ತಿ ಬಿಗಿದೆ. ಕೆಳಗಿಳಿಸಿದಾಗ ಸ್ಪ್ರಿಂಗ್ ಚಪ್ಪಟೆಯಾಯ್ತು, ಬುಷ್ ತಿರುಚಿಕೊಂಡೇ ಉಳಿಯಿತು. ಮೂರೇ ತಿಂಗಳಿಗೆ ಹರಿದು ಅದೇ ಕಿರ್‍ರ್ ವಾಪಸ್. ಸುಮ್ನೆ ಭಾನುವಾರ ಹಾಳು, ಮನೆಯವರ ಬೈಗುಳ ಬೇರೆ. ಮೇಲಿದ್ದಾಗ ಕೈಬಿಗಿ ಸಾಕು. ಚಕ್ರ ನೆಲ ಮುಟ್ಟಿ ಕಾರಿನ ಭಾರ ಕೂತ ಮೇಲೆ ಕೊನೆಯ ಬಿಗಿ ಕೊಡಿ.

ಸ್ಪ್ರಿಂಗನ್ನು ಆಕ್ಸಲ್‌ಗೆ ಕಟ್ಟುವ ಯು ಬೋಲ್ಟ್ ಬಿಚ್ಚಿದ್ದರೆ 100 ಕಿ.ಮೀ. ಓಡಿಸಿ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಸ್ಪ್ರಿಂಗ್‌ನ ಪಟ್ಟಿಯೇ ಬಿರುಕು ಬಿಟ್ಟಿದ್ದರೆ ಫೋಟೋ ಹಾಕಿ, ಅದು ಮನೆಯ ಕೆಲಸ ಅಲ್ಲ.