ಉಪ್ಪಿನಕಾಯಿ ಬ್ರೆಡ್: ಮಗಳಿಗೊಂದು ಪತ್ರ

ಮೈಸೂರು

ಪುಟ್ಟಿ,

ಉಪ್ಪಿನಕಾಯಿ ಬ್ರೆಡ್ಡಿನ ಅಳತೆ ಕೇಳಿದ್ದೆಯಲ್ಲ, ಫೋನಿನಲ್ಲಿ ಹೇಳಿದರೆ ಚಮಚ ಬಟ್ಟಲಾಗುತ್ತದೆ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ಇದಕ್ಕೆ ಈಸ್ಟ್ ಬೇಡ, ನಾದುವುದೂ ಬೇಡ. ಮೊಸರಿನ ಹುಳಿಗೆ ಅಡುಗೆ ಸೋಡಾ ತಗುಲಿದಾಗ ಏಳುವ ಗುಳ್ಳೆಗಳೇ ಹಿಟ್ಟನ್ನು ಉಬ್ಬಿಸುತ್ತವೆ. ಐರ್ಲೆಂಡಿನವರು ಮಜ್ಜಿಗೆ ಹಾಕಿ ಮಾಡುವ ಸೋಡಾ ಬ್ರೆಡ್ಡೂ ಇದೇ ಜಾತಿ. ನಮ್ಮ ಮಂಗಳೂರು ಬಜ್ಜಿಯ ಹಿಟ್ಟು ಅದಕ್ಕೆ ಹತ್ತಿರದ ನೆಂಟ. ಕಲಸುವುದು ಐದು ನಿಮಿಷದ ಕೆಲಸ. ಪೇಚಿಗೆ ಸಿಕ್ಕಿಸುವುದು ಉಪ್ಪಿನಕಾಯಿ. ಅದು ಒಂಟಿಯಾಗಿ ಬರುವುದಿಲ್ಲ. ಉಪ್ಪು, ಹುಳಿ, ಎಣ್ಣೆ, ರಸ ನಾಲ್ಕನ್ನೂ ಹೊತ್ತುಕೊಂಡೇ ಬರುತ್ತದೆ. ಅಷ್ಟನ್ನೂ ಮಿಕ್ಕ ಸಾಮಾನಿನಲ್ಲಿ ಕಡಿಮೆ ಮಾಡಿಕೊಳ್ಳಬೇಕು.

ಚೆನ್ನಾಗಿ ಮಾಗಿದ ನಿಂಬೆಕಾಯಿ ಉಪ್ಪಿನಕಾಯಿ ಇದಕ್ಕೆ ಎಲ್ಲಕ್ಕಿಂತ ಒಳ್ಳೆಯದು. ಸಿಪ್ಪೆ ಬೆರಳಲ್ಲಿ ಒತ್ತಿದರೆ ನಜ್ಜಾಗುವಷ್ಟು ಮೆತ್ತಗಿರಬೇಕು. ಹೇರಳೆಕಾಯಿ ಮೊಸರನ್ನಕ್ಕೆ ಸೊಗಸು, ಬ್ರೆಡ್ಡಿನಲ್ಲಿ ಮಾತ್ರ ಅದರ ಕಹಿ ಮುಂದೆ ಬಂದು ನಿಲ್ಲುತ್ತದೆ. ಹಾಕಲೇಬೇಕೆಂದರೆ ಅರ್ಧ ಅದು, ಅರ್ಧ ನಿಂಬೆ. ಮಿಡಿಯನ್ನು ಇದಕ್ಕೆ ದಂಡ ಮಾಡಬೇಡ. ಅದರ ಸಾಸಿವೆಯ ಘಾಟು ಒಲೆಯ ಬಿಸಿಗೆ ಹಾರಿಹೋಗಿ ಉಪ್ಪು, ಖಾರ ಅಷ್ಟೇ ಉಳಿಯುತ್ತದೆ. ಬೆಲ್ಲ ಹಾಕಿದ ಸಿಹಿ ಉಪ್ಪಿನಕಾಯಿಯೂ ಬೇಡ, ತಟ್ಟೆಯ ಅಂಚಿನಲ್ಲಿ ಸೀದುಹೋಗುತ್ತದೆ.

ಸಾಮಾನು ಇಷ್ಟು: ಮೈದಾ 180 ಗ್ರಾಂ, ರಾಗಿಹಿಟ್ಟು 60 ಗ್ರಾಂ, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ಜೀರಿಗೆ ಅರ್ಧ ಚಮಚ, ಹುಳಿ ಬಂದ ಮೊಸರು 240 ಎಂಎಲ್, ಹಾಲು ಸುಮಾರು 60 ಎಂಎಲ್, ಎಣ್ಣೆ 60 ಎಂಎಲ್, ಮಂಡ್ಯದ ಬೆಲ್ಲದ ಪುಡಿ ಒಂದು ದೊಡ್ಡ ಚಮಚ, ಹೆಚ್ಚಿದ ಕರಿಬೇವು ಒಂದು ಹಿಡಿ, ಉಪ್ಪಿನಕಾಯಿ ಹೋಳು 60 ಗ್ರಾಂ. ಬೆಲ್ಲ ಸಿಹಿಗಲ್ಲ, ಸಿಪ್ಪೆಯ ಕಹಿ ಮುರಿಯುವುದಕ್ಕೆ, ಮೇಲೆ ಬಣ್ಣ ಬರುವುದಕ್ಕೆ. ರಾಗಿ ರುಚಿಯಾಗಿದೆ ಅಂತ ಅರ್ಧಕ್ಕರ್ಧ ಹಾಕಬೇಡ. ಅದರಲ್ಲಿ ಮೈದಾದ ಅಂಟಿಲ್ಲ, ಕುಯ್ದರೆ ಪುಡಿಪುಡಿಯಾಗುತ್ತದೆ.

ಉಪ್ಪು ಬರೆಯಲು ಮರೆತಿಲ್ಲ ಕಣೇ, ಹಾಕುವುದೇ ಬೇಡ. ಹೋಳಿನಲ್ಲಿರುವುದೇ ಇಡೀ ಬ್ರೆಡ್ಡಿಗೆ ಸಾಕು. ಉಪ್ಪಿನಕಾಯಿ ಎಣ್ಣೆಯದಾಗಿದ್ದರೆ ಮೇಲೆ ತೇಲುವ ಎಣ್ಣೆ ಒಂದು ದೊಡ್ಡ ಚಮಚ ತೆಗೆದುಕೊಂಡು, ಅಷ್ಟನ್ನು 60 ಎಂಎಲ್‌ನಲ್ಲಿ ಕಡಿಮೆ ಮಾಡು. ಖಾರ, ಬಣ್ಣ ಎರಡೂ ಆ ಎಣ್ಣೆಯಲ್ಲಿ ಚೆನ್ನಾಗಿ ಇಳಿದಿರುತ್ತವೆ. ಹೋಳುಗಳನ್ನು ಜರಡಿಯಲ್ಲಿ ಹತ್ತು ನಿಮಿಷ ಸೋರಿಹಾಕಿ, ಕಡಲೆಕಾಳಿಗಿಂತ ಸಣ್ಣಗೆ ಹೆಚ್ಚಿ, ಒಂದು ಚಮಚ ಮೈದಾದಲ್ಲಿ ಹೊರಳಿಸು. ದೊಡ್ಡ ಹೋಳು ತಳಕ್ಕೆ ಇಳಿಯುತ್ತದೆ, ಅದರ ಸುತ್ತ ಹಸಿ ಹಿಟ್ಟಿನ ಗೂಡು ಉಳಿಯುತ್ತದೆ.

ಮೊದಲು ಓವನ್ನನ್ನು 180 ಡಿಗ್ರಿಗೆ ಕಾಯಲು ಬಿಡು, 8×4 ಇಂಚಿನ ಬ್ರೆಡ್ ತಟ್ಟೆಗೆ ಎಣ್ಣೆ ಸವರಿಡು. ಹಿಟ್ಟು ಕಲಸಿದ ಮೇಲೆ ತಟ್ಟೆ ಹುಡುಕುತ್ತಾ ನಿಲ್ಲಬಾರದು, ಮೊಸರು ಬಿದ್ದ ಗಳಿಗೆಯಿಂದಲೇ ಸೋಡಾದ ಕೆಲಸ ಶುರು. ಮಂಗಳೂರು ಬಜ್ಜಿಯ ಹಿಟ್ಟನ್ನು ನೆನೆಯಲು ಬಿಡುವ ಅಭ್ಯಾಸ ಇಲ್ಲಿಗೆ ತರಬೇಡ. ಹಿಟ್ಟು, ಪೌಡರ್, ಸೋಡಾ ಮೂರನ್ನೂ ಎರಡು ಸಲ ಜರಡಿ ಹಿಡಿದು ಜೀರಿಗೆ ಸೇರಿಸು. ಬೇರೆ ಪಾತ್ರೆಯಲ್ಲಿ ಮೊಸರು, ಹಾಲು, ಎಣ್ಣೆ, ಬೆಲ್ಲ ಕದಡು. ಅದನ್ನು ಹಿಟ್ಟಿಗೆ ಸುರಿದು ಹದಿನೈದಿಪ್ಪತ್ತು ಸಲ ತಿರುವು, ಅಷ್ಟೇ. ಒಣ ಹಿಟ್ಟು ಕಾಣದಿದ್ದರೆ ಸಾಕು, ಸಣ್ಣಪುಟ್ಟ ಗಂಟು ಇರಲಿ. ನುಣ್ಣಗಾಗಲಿ ಅಂತ ತಿರುವಿದಷ್ಟೂ ಮೈದಾ ಜಿಗುಟಾಗಿ ಬ್ರೆಡ್ ರಬ್ಬರಿನಂತಾಗುತ್ತದೆ, ಒಳಗೆ ಉದ್ದುದ್ದ ತೂತು ಬೀಳುತ್ತದೆ. ಹದ ಇಡ್ಲಿ ಹಿಟ್ಟಿಗಿಂತ ಗಟ್ಟಿ, ಚಮಚದಿಂದ ದೊಪ್ಪನೆ ಬೀಳಬೇಕು. ಕೊನೆಗೆ ಹೋಳು, ಕರಿಬೇವು ಸೇರಿಸಿ ಎರಡು ಸಲ ಮಗುಚಿ ತಟ್ಟೆಗೆ ಹಾಕು.

ನಡುವಿನ ಅಂತಸ್ತಿನಲ್ಲಿ 45ರಿಂದ 50 ನಿಮಿಷ. ಸಣ್ಣ ಓವನ್ನಿನಲ್ಲಿ ಮೇಲ್ಭಾಗ ಬೇಗ ಕಪ್ಪಾಗುತ್ತದೆ, ಅರ್ಧ ಗಂಟೆಯ ಮೇಲೆ ಫಾಯಿಲ್ ಮುಚ್ಚು. ಅದಕ್ಕೆ ಮೊದಲು ಬಾಗಿಲು ತೆರೆಯಬೇಡ, ನಡು ಕುಸಿಯುತ್ತದೆ. ಬೆಂದಿದೆಯೇ ಅಂತ ಕಡ್ಡಿ ಚುಚ್ಚಿ ನೋಡುವಾಗ ಎರಡು ಕಡೆ ಚುಚ್ಚು; ಒಂದು ಕಡೆ ಉಪ್ಪಿನಕಾಯಿ ಹೋಳಿಗೆ ತಗುಲಿದರೆ ಬೆಂದಿದ್ದರೂ ಕಡ್ಡಿ ಒದ್ದೆಯಾಗಿಯೇ ಬರುತ್ತದೆ. ಹತ್ತು ನಿಮಿಷ ತಟ್ಟೆಯಲ್ಲೇ ಬಿಟ್ಟು ಆಮೇಲೆ ಜಾಲರಿಯ ಮೇಲೆ ತೆಗೆ. ಒಂದು ಗಂಟೆ ಆಗುವವರೆಗೆ ಚಾಕು ಮುಟ್ಟಬೇಡ, ಬಿಸಿಯಲ್ಲಿ ಕುಯ್ದರೆ ಮುದ್ದೆ ಮುದ್ದೆ.

ಓವನ್ ಇಲ್ಲದ ಸ್ನೇಹಿತೆಗೆ ಹೇಳುವುದಾದರೆ, ದೊಡ್ಡ ಕುಕ್ಕರಿನ ಗ್ಯಾಸ್ಕೆಟ್, ವೆಯ್ಟ್ ಎರಡೂ ತೆಗೆದು, ತಳಕ್ಕೆ ಕಲ್ಲುಪ್ಪು ಹರಡಿ, ಸ್ಟ್ಯಾಂಡ್ ಇಟ್ಟು ಹತ್ತು ನಿಮಿಷ ಕಾಯಿಸಿ, ದುಂಡು ತಟ್ಟೆಯಲ್ಲಿ ಸಣ್ಣ ಉರಿಯ ಮೇಲೆ ಒಂದು ಗಂಟೆ. ಮೇಲೆ ಬಣ್ಣ ಬರುವುದಿಲ್ಲ, ರುಚಿಗೇನೂ ಮೋಸವಿಲ್ಲ.

ಇನ್ನೊಂದು ಗುರುತು. ಕುಯ್ದಾಗ ಹೋಳಿನ ಸುತ್ತ ಹಳದಿಯ ಬದಲು ಕೆಂಪು ಕಲೆ ಕಂಡರೆ ಹೆದರಬೇಡ, ಅದು ಸೋಡಾದ ಚಾಡಿ. ಆರತಿಗೆ ಅರಿಶಿನ, ಸುಣ್ಣ ಕಲಸಿದರೆ ನೀರು ಕೆಂಪಾಗುತ್ತದಲ್ಲ, ಹಾಗೇ ಉಪ್ಪಿನಕಾಯಿಯ ಅರಿಶಿನಕ್ಕೆ ಸೋಡಾ ತಾಗಿದೆ. ಒಂದೋ ಸೋಡಾ ಹೆಚ್ಚಾಗಿದೆ, ಇಲ್ಲವೇ ಜರಡಿ ಸರಿಯಾಗಿ ಹಿಡಿದಿಲ್ಲ. ಅಲ್ಲಿ ಕಚ್ಚಿದರೆ ಸೋಪಿನ ವಾಸನೆ. ಉಪ್ಪಿನಕಾಯಿ ಹುಳಿ ಇದೆಯಲ್ಲ, ಇನ್ನರ್ಧ ಚಮಚ ಸೋಡಾ ಹಿಡಿಸೀತು ಅಂತ ಅನ್ನಿಸುತ್ತದೆ. ಹಿಡಿಸುವುದಿಲ್ಲ. ಹೆಚ್ಚಿನ ಸೋಡಾ ಆ ಹುಳಿಯನ್ನೇ ತಿಂದುಹಾಕುತ್ತದೆ, ಹುಳಿ ಹೋದ ಮೇಲೆ ಉಪ್ಪಿನಕಾಯಿ ಹಾಕಿದ್ದೇ ದಂಡ. ಪ್ಯಾಕೆಟ್ ಮೊಸರು ಸಪ್ಪೆಯಾಗಿದ್ದರೆ ಮೂರ್ನಾಲ್ಕು ಗಂಟೆ ಹೊರಗಿಟ್ಟು ಬಳಸು.

ಹೊರಗೆ ಎರಡು ದಿನ ಇರುತ್ತದೆ. ಎರಡನೆಯ ದಿನ ಕಾವಲಿಯ ಮೇಲೆ ಬೆಣ್ಣೆ ಹಾಕಿ ಎರಡೂ ಕಡೆ ಕೆಂಪಗೆ ಸುಟ್ಟುಕೋ, ಮೊದಲ ದಿನಕ್ಕಿಂತ ಚೆನ್ನ. ಕಾಫಿಗೆ ಆ ದಿನ ಸಕ್ಕರೆ ಸ್ವಲ್ಪ ಮುಂದಾಗಿಯೇ ಇರಲಿ.

ನಿನ್ನ
ಅಮ್ಮ