ಮಗಳಿಗೊಂದು ಪತ್ರ: ಆ ಹಳೇ ಸ್ಪ್ಲೆಂಡರ್ ವಿಷಯ

ಪೆರ್ಲ
ಭಾನುವಾರ

ಪ್ರೀತಿಯ ಮಗಳೇ,

ಕೊಳ್ಳಬೇಕು ಅಂತ ನೀನು ಕಳಿಸಿದ ಹಳೇ ಬೈಕಿನ ಫೋಟೋ ನೋಡಿದೆ. 2009ರ ಸ್ಪ್ಲೆಂಡರ್, ಟ್ಯಾಂಕಿನ ಮೇಲೆ ಇನ್ನೂ ಹೀರೋ ಹೋಂಡಾ ಅಂತಲೇ ಇದೆ. ಪೈಂಟ್ ಫಳಫಳ ಅನ್ನುತ್ತಿದೆ, ಸೀಟಿಗೆ ಹೊಸ ಕವರ್. ಅಪ್ಪ ಕನ್ನಡಕ ಏರಿಸಿ ನೋಡಿ, "ಲಾಯ್ಕಿದೆ, ತಗೊಳ್ಳಲಿ" ಅಂದರು. ಅವರಿಗೆ ಬೈಕಿನ ವಿಷಯ ಎಷ್ಟು ಗೊತ್ತು ಅಂತ ನಿನಗೂ ಗೊತ್ತು. ಈ ಮನೆಯಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ಸೊಸೈಟಿಗೆ ಹೋಗುವವಳು ನಾನು, ಬೈಕೂ ನನ್ನದೇ. ಆದ್ದರಿಂದ ನಾನೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ನೀನು "ಹೂಂ ಅಮ್ಮಾ, ಹೂಂ ಅಮ್ಮಾ" ಅಂತೀಯ, ಅರ್ಧವೂ ಕಿವಿಗೆ ಬೀಳುವುದಿಲ್ಲ.

ಸ್ಕೂಟರ್ ಬಿಟ್ಟು ಬೈಕ್ ಆರಿಸಿದ್ದು ಒಳ್ಳೆಯದೇ ಆಯಿತು. ಮಂಗಳೂರಿನ ರಸ್ತೆಗೆ ಸ್ಕೂಟರ್ ಸಾಕು. ಆದರೆ ಶನಿವಾರ ಊರಿಗೆ ಬರುವಾಗ ನಮ್ಮ ತೋಟದ ದಾರಿಯ ಮುರಕಲ್ಲು, ಕೆಸರು ಎಲ್ಲ ದಾಟಬೇಕಲ್ವಾ? ಅಲ್ಲಿ ಸ್ಕೂಟರಿನ ಸಣ್ಣ ಚಕ್ರ ಹೊಂಡಕ್ಕೆ ಇಳಿದರೆ ಮೇಲೆ ಬರುವುದೇ ಕಷ್ಟ. ಸ್ಪ್ಲೆಂಡರಿನದು 18 ಇಂಚಿನ ಚಕ್ರ, ಹೇಗೋ ಹತ್ತಿಕೊಂಡು ಬರುತ್ತದೆ. ನಾನು ಬೈಕ್ ಕಲಿತದ್ದೂ ಅದಕ್ಕೇ. ಆಗ ಊರಿನವರು ಏನು ಹೇಳಿದರು ಅಂತ ಈಗ ಬರೆಯುವುದಿಲ್ಲ.

ಮೊದಲು ಈ ಇಂಜಿನ್ ಹೇಗೆ ದುಡಿಯುತ್ತದೆ ಅಂತ ತಿಳಿದುಕೋ, ಮುಂದಿನದೆಲ್ಲ ತಾನಾಗಿಯೇ ಅರ್ಥವಾಗುತ್ತದೆ. ಒಳಗಿರುವುದು ಒಂದೇ ಸಿಲಿಂಡರ್, ಒಂದೇ ಪಿಸ್ಟನ್. 50 ಮಿಲಿಮೀಟರ್ ಅಗಲ, ಒಟ್ಟು 97.2 ಸಿಸಿ. ಪಿಸ್ಟನ್ ಎರಡು ಸಲ ಮೇಲೆ, ಎರಡು ಸಲ ಕೆಳಗೆ ಹೋದರೆ ಆ ನಾಲ್ಕರಲ್ಲಿ ಒಂದು ಸಲ ಮಾತ್ರ ಪೆಟ್ರೋಲ್ ಉರಿದು ತಳ್ಳುತ್ತದೆ. ಉಳಿದ ಮೂರು ಸಲ ಗಾಳಿ ಎಳೆಯುವುದು, ಒತ್ತುವುದು, ಹೊಗೆ ಹೊರಗೆ ಹಾಕುವುದು. ಒಬ್ಬ ದುಡಿದು ಮೂವರು ಕೂತು ಉಣ್ಣುವ ಮನೆ ಅದು. ಕಾರಿನಲ್ಲಾದರೆ ಮೂರೋ ನಾಲ್ಕೋ ಪಿಸ್ಟನ್ ಸರದಿಯಲ್ಲಿ ತಳ್ಳುತ್ತವೆ. ಇಲ್ಲಿ ಒಂದೇ ಪಿಸ್ಟನ್ ತಳ್ಳಬೇಕು, ಸುಮ್ಮನಿರಬೇಕು, ಮತ್ತೆ ತಳ್ಳಬೇಕು. ಇಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುವಾಗ ಸೆಕೆಂಡಿಗೆ ಸುಮಾರು 33 ಸಲ ಈ ಪೆಟ್ಟು ಬೀಳುತ್ತದೆ. ಆ ಪೆಟ್ಟಿಗೂ, ಒಂಟಿ ಪಿಸ್ಟನ್ ಮೇಲೆ ಕೆಳಗೆ ಹಾರುವುದಕ್ಕೂ ಸೇರಿ ನಡುಕ. ಆ ನಡುಕಕ್ಕೇ ನಂಬರ್ ಪ್ಲೇಟ್ ಸೀಳುವುದು, ಕನ್ನಡಿ ಸಡಿಲವಾಗುವುದು, ಬಲ್ಬ್ ಹೋಗುವುದು, ಸೈಲೆನ್ಸರಿನ ನಟ್ ಬಿದ್ದು ಹೋಗುವುದು. ಹಳೇ ಬೈಕ್ ಇಟ್ಟುಕೊಳ್ಳುವುದು ಅಂದರೆ ಮುಕ್ಕಾಲು ಪಾಲು ಈ ಸಡಿಲವಾದದ್ದನ್ನು ಬಿಗಿ ಮಾಡುವ ಕೆಲಸ. ಉಳಿದ ಕಾಲು ಪಾಲು ನೀರು, ತುಕ್ಕು. ಅದು ನಮ್ಮ ಕಡಲ ಕರೆಯ ಕೊಡುಗೆ.

ಇನ್ನು ಬೈಕ್ ನೋಡಲು ಹೋಗುವ ವಿಷಯ. ಬೆಳಿಗ್ಗೆಯೇ ಹೋಗು. ಮಾತಿಗೆ ಮೊದಲು ಇಂಜಿನ್ ಮೇಲೆ ಕೈ ಇಡು. ಬಿಸಿ ಇದ್ದರೆ, ಯಾಕೆ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಕೇಳು. ತಣ್ಣಗಿರುವ ಇಂಜಿನ್ ಸುಳ್ಳು ಹೇಳುವುದಿಲ್ಲ. ಕೀ ಹಾಕದೆ ಕಿಕ್ಕರನ್ನು ನಿಧಾನಕ್ಕೆ ಒತ್ತಿ ನೋಡು. ಒಂದು ಕಡೆ ಗಟ್ಟಿಯಾಗಿ ಎದುರು ನಿಲ್ಲಬೇಕು. ಎಲ್ಲೂ ತಡೆಯದೆ ಮೆತ್ತಗೆ ಕೆಳಗೆ ಹೋದರೆ ಕಂಪ್ರೆಷನ್, ಅಂದರೆ ಒಳಗೆ ಗಾಳಿ ಒತ್ತಿ ಹಿಡಿಯುವ ಬಲ, ಇಲ್ಲ ಅಂತ ಲೆಕ್ಕ. ಸ್ಟಾರ್ಟ್ ಆದ ಮೇಲೆ ನೀನು ಹಿಂದೆ ನಿಂತುಕೋ, ಆಕ್ಸಿಲೇಟರ್ ಅವರು ತಿರುಗಿಸಲಿ. ಮೊದಲ ಒಂದೆರಡು ಗಳಿಗೆ ನೀಲಿ ಹೊಗೆ ಬಂದು ನಿಂತರೆ ಹೆಚ್ಚಾಗಿ ವಾಲ್ವ್ ಸೀಲ್ (ಗಾಳಿ, ಹೊಗೆಯ ಬಾಗಿಲಾದ ವಾಲ್ವಿನ ಬಳಿ ಆಯಿಲ್ ಇಳಿಯದ ಹಾಗೆ ತಡೆಯುವ ರಬ್ಬರ್) ಹೋಗಿರುತ್ತದೆ, ಅದು ಸಣ್ಣ ಖರ್ಚು. ಓಡುವಾಗಲೂ ನೀಲಿ ಹೊಗೆ ಬರುತ್ತಲೇ ಇದ್ದರೆ ಪಿಸ್ಟನ್ನಿನ ರಿಂಗ್, ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ ಅಂತ. ಅದು ಬೇಡ, ಬಸ್ ಹತ್ತಿ ರೂಮಿಗೆ ಹೋಗು. ಕಪ್ಪು ಹೊಗೆಗೆ ಹೆದರಬೇಡ. ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಇಲ್ಲವೇ ಏರ್ ಫಿಲ್ಟರ್ ಕಟ್ಟಿದೆ ಅಷ್ಟೇ.

ಹೊಸ ಪೈಂಟ್ ನೋಡಬೇಡ, ಬಗ್ಗಿ ನೋಡು. ಮಡ್‌ಗಾರ್ಡಿನ ಒಳಗೆ, ಸೈಲೆನ್ಸರಿನ ಅಡಿಯಲ್ಲಿ, ಸ್ಟ್ಯಾಂಡ್ ಕೂರುವ ಜಾಗದಲ್ಲಿ. ಮಂಗಳೂರಿನಲ್ಲಿ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಅಂತ ಓಡಿದ ಗಾಡಿಯ ಸೈಲೆನ್ಸರ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವ ನೀರು ಒಳಗೇ ನಿಂತು ಒಳಗಿನಿಂದಲೇ ತಿನ್ನುತ್ತದೆ. ಹೊರಗೆ ಬೆಳ್ಳಿ ಬಣ್ಣ ಬಳಿದಿರುತ್ತಾರೆ, ಬೆರಳಿನಿಂದ ಕುಟ್ಟಿದರೆ ಗೊತ್ತಾಗುತ್ತದೆ. ಮುಂದಿನ ಫೋರ್ಕಿನ ಉಕ್ಕಿನ ಕೊಳವೆಯಲ್ಲಿ ತುಕ್ಕಿನ ಚುಕ್ಕೆ ಇದ್ದರೆ ಆಯಿಲ್ ಸೀಲ್ ಹೊಸತು ಹಾಕಿದರೂ ಹರಿಯುತ್ತದೆ. ಮೀಟರಿನಲ್ಲಿ ಕಿಲೋಮೀಟರ್ ಎಷ್ಟಿದೆ ಅಂತ ನಾನು ಕೇಳುವುದೇ ಇಲ್ಲ. ಕಾಲಿಡುವ ರಬ್ಬರ್, ಗೇರ್ ಲಿವರ್ ಎಷ್ಟು ಸವೆದಿದೆ ನೋಡು, ಅದೇ ಮೀಟರ್.

ಆರ್‌ಸಿ ಕೈಗೆ ತೆಗೆದುಕೊಂಡು ಇಂಜಿನ್ ನಂಬರ್, ಚಾಸಿಸ್ ನಂಬರ್ ಎರಡನ್ನೂ ಒಂದೊಂದೇ ಅಕ್ಷರ ತಾಳೆ ನೋಡು. ಸ್ವಂತ ಗಾಡಿಯ ನೋಂದಣಿ 15 ವರ್ಷಕ್ಕೆ, ಆಮೇಲೆ 5 ವರ್ಷಕ್ಕೊಮ್ಮೆ ಹೊಸತು ಮಾಡಬೇಕು. 2009ರ ಗಾಡಿ ಅಂದ ಮೇಲೆ 2024ಕ್ಕೇ ಅವಧಿ ಮುಗಿದಿದೆ. ರಿನ್ಯೂವಲ್ ಮಾಡಿಸಿದ್ದಾರಾ ಅಂತ ಕೇಳು. ಮಾಡಿಸದಿದ್ದರೆ ಮೊದಲು ಮಾಡಿಸಿಕೊಡಲಿ, ಆಮೇಲೆ ದುಡ್ಡು. ಹೆಸರು ಬದಲಿಸಲು ಮಾರುವವರು ಫಾರಂ 29, 30ಕ್ಕೆ ಸಹಿ ಹಾಕಿ ಕೊಡಬೇಕು. ಇನ್ಶೂರೆನ್ಸನ್ನು 14 ದಿನದೊಳಗೆ ನಿನ್ನ ಹೆಸರಿಗೆ ಬರೆಸಿಕೋ. "ನಿಧಾನಕ್ಕೆ ಹೆಸರು ಬದಲಿಸಿದರಾಯಿತು" ಅನ್ನುವವರು ಇದ್ದೇ ಇರುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡ.

ನಮ್ಮ ಗಡಿನಾಡಿನವರಿಗೆ ಇನ್ನೊಂದು ತಲೆನೋವು. ಗಾಡಿ ಕೆಎ 19, ಅಂದರೆ ಮಂಗಳೂರಿನ ನಂಬರ್. ನಮ್ಮ ಮನೆ ಕೇರಳದ ಕಾಸರಗೋಡಿನಲ್ಲಿ. ನೀನು ಮಂಗಳೂರಿನಲ್ಲಿ ಇರುವಷ್ಟು ದಿನ, ವಾರಕ್ಕೊಮ್ಮೆ ಗಡಿಯ ಅಡ್ಕಸ್ಥಳ ದಾಟಿ ಮನೆಗೆ ಬಂದು ಹೋದರೆ ಯಾರೂ ಏನೂ ಕೇಳುವುದಿಲ್ಲ. ಆದರೆ ಕೆಲಸ ಬಿಟ್ಟು ಇಲ್ಲಿಗೇ ಬಂದು ಗಾಡಿಯನ್ನೂ ಇಲ್ಲೇ ಇಟ್ಟುಕೊಂಡೆಯೋ, 12 ತಿಂಗಳಿಗಿಂತ ಜಾಸ್ತಿ ಹಾಗೇ ಓಡಿಸುವಂತಿಲ್ಲ. ಅಲ್ಲಿನ ಆರ್‌ಟಿಓದಿಂದ ಫಾರಂ 28ರಲ್ಲಿ ಎನ್‌ಓಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತಂದು, ಇಲ್ಲಿ ತೆರಿಗೆ ಕಟ್ಟಿ ಕಾಸರಗೋಡಿನ ನಂಬರ್ ಕೆಎಲ್ 14 ಮಾಡಿಸಬೇಕು. ಹಳೇ ಗಾಡಿಗೆ ಅಷ್ಟು ಓಡಾಟ ಬೇಕಾ ಅನ್ನಿಸಿದರೆ ಕುಂಬಳೆ, ಉಪ್ಪಳ ಕಡೆ ಕೆಎಲ್ 14ರ ಗಾಡಿಯನ್ನೇ ಹುಡುಕಬಹುದು. ಆಗ ಮಂಗಳೂರಿನಲ್ಲಿ ಇದೇ ಕಥೆ ತಿರುಗಿ ನಿಲ್ಲುತ್ತದೆ. ಎರಡು ದೋಣಿಯಲ್ಲಿ ಕಾಲಿಟ್ಟು ಬದುಕುವುದು ನಮಗೆ ಹೊಸತೇನೂ ಅಲ್ಲ ಬಿಡು.

ತೆಗೆದುಕೊಂಡ ಮೇಲೆ ಮೊದಲ ಕೆಲಸ ಆಯಿಲ್. ಹಿಂದಿನವರು "ಮೊನ್ನೆ ತಾನೇ ಬದಲಿಸಿದ್ದು" ಅಂದರೂ ಚೆಲ್ಲಿಬಿಡು. ಸ್ಪ್ಲೆಂಡರಿಗೆ ಕಾರಿನ ಹಾಗೆ ಬದಲಿಸುವ ಪೇಪರ್ ಫಿಲ್ಟರ್ ಇಲ್ಲ. ಒಂದು ಸಣ್ಣ ಜಾಲರಿ, ಮತ್ತೆ ತಿರುಗುತ್ತಾ ಕಸವನ್ನು ಬದಿಗೆ ಎಸೆಯುವ ಒಂದು ಬಟ್ಟಲು, ಅಷ್ಟೇ. ಆದ್ದರಿಂದ ಆಯಿಲ್ ಬದಲಿಸುವುದೇ ಇಂಜಿನ್ನಿಗೆ ಸ್ನಾನ. 900 ಮಿಲಿಯ ಬಾಟಲಿ ಸಿಗುತ್ತದೆ, ಆಯಿಲ್ಲಿನ ದಪ್ಪದ ಗುರುತು 10ಡಬ್ಲ್ಯೂ30. ಕಂಪೆನಿ ಪುಸ್ತಕದಲ್ಲಿ ಏನೇ ಇರಲಿ, ಹಳೇ ಇಂಜಿನ್ನಿಗೆ 3000 ಕಿಲೋಮೀಟರ್ ದಾಟಿಸಬೇಡ. ಅಳತೆ ನೋಡುವಾಗ ಮೈನ್ ಸ್ಟ್ಯಾಂಡ್ ಹಾಕಿ, ಆಯಿಲ್ ಮುಚ್ಚಳದ ಕಡ್ಡಿಯನ್ನು ಒರೆಸಿ, ತಿರುಗಿಸಿ ಬಿಗಿಯದೆ ಸುಮ್ನೆ ಇಟ್ಟು ತೆಗೆದು ನೋಡಬೇಕು. ಬಿಗಿದು ನೋಡಿದರೆ ಇಲ್ಲದ ಆಯಿಲ್ ಇದ್ದ ಹಾಗೆ ಕಾಣುತ್ತದೆ.

ಎರಡನೆಯದು ಚೈನ್. ಸ್ಪ್ಲೆಂಡರಿನ ಚೈನ್ ಕವರಿನೊಳಗೆ ಇರುವುದರಿಂದ ಜನ ಅದನ್ನು ಮರೆತೇಬಿಡುತ್ತಾರೆ. ಕವರಿನಲ್ಲಿ ಒಂದು ರಬ್ಬರ್ ಮುಚ್ಚಳ ಇದೆ. ಇಂಜಿನ್ ಆಫ್ ಮಾಡಿ, ನ್ಯೂಟ್ರಲ್ ಹಾಕಿ, ಅದನ್ನು ಕಿತ್ತು ಬೆರಳು ಹಾಕು. ಚೈನ್ ಮೇಲೆ ಕೆಳಗೆ ಸುಮಾರು 25 ಮಿಲಿಮೀಟರ್ ಆಡಬೇಕು. ಹಿಂದಿನ ಚಕ್ರ ಸ್ವಲ್ಪ ತಿರುಗಿಸು, ಬೆರಳು ಹೊರಗೆ ತೆಗೆದೇ ತಿರುಗಿಸು, ಮತ್ತೆ ನೋಡು. ಒಂದು ಕಡೆ ಸಡಿಲ, ಒಂದು ಕಡೆ ಬಿಗಿ ಅಂತ ಕಂಡರೆ ಚೈನ್ ಒಂದೇ ಸಮ ಸವೆದಿಲ್ಲ. ಆಗ ಬಿಗಿಯಾದ ಜಾಗದಲ್ಲೇ ಅಳತೆ ಇಡಬೇಕು. ಚೈನ್ ಬದಲಿಸುವುದಾದರೆ ಎರಡು ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಸಮೇತ ಬದಲಿಸು. ಹಳೇ ಹಲ್ಲಿಗೆ ಹೊಸ ಚೈನ್ ಹಾಕಿದರೆ ಹೊಸತೂ ಬೇಗ ಹಾಳು.

ಟ್ಯಾಪೆಟ್, ಅಂದರೆ ವಾಲ್ವನ್ನು ಒತ್ತುವ ಭಾಗ, ಅದರ ಸದ್ದಿನ ಬಗ್ಗೆ ಒಂದು ಮಾತು. ಸಣ್ಣಗೆ ಟಿಕ್ ಟಿಕ್ ಅಂದರೆ ಇರಲಿ ಬಿಡು. ಸದ್ದೇ ಇರಬಾರದು ಅಂತ ಹಟ ಹಿಡಿದರೆ ಮೆಕ್ಯಾನಿಕ್ ಬಿಗಿ ಮಾಡಿ ಕೊಡುತ್ತಾನೆ. ಆಮೇಲೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟು ಹೋಗುತ್ತದೆ. ಟ್ಯಾಪೆಟ್ ಹೊಂದಿಸುವುದು ಇಂಜಿನ್ ತಣ್ಣಗಿರುವಾಗ, ಸಂದು ಅಳೆಯುವ ಗೇಜ್ ಇಟ್ಟು. ಕಿವಿಯಲ್ಲೇ ಹೊಂದಿಸುತ್ತೇನೆ ಅನ್ನುವವನ ಹತ್ತಿರ ಬಿಡಬೇಡ.

ಮೆಕ್ಯಾನಿಕ್ ಅಂದಾಗ ನೆನಪಾಯಿತು. ಹಿಂದಿನ ವರ್ಷ ನನ್ನ ಬೈಕ್ ಎಳೆಯುತ್ತಲೇ ಇರಲಿಲ್ಲ, ಮೈಲೇಜೂ ಬಿದ್ದಿತ್ತು. ಒಂದು ಗ್ಯಾರೇಜಿನಲ್ಲಿ ನೋಡಿದವರು ಒಂದೇ ಮಾತು: "ಬೋರ್ ಹೋಗಿದೆ, ಪಿಸ್ಟನ್ ಬದಲಿಸಬೇಕು." ಹೊಗೆ ಇಲ್ಲ, ಆಯಿಲ್ ಕಮ್ಮಿಯಾಗಿಲ್ಲ, ಬೋರ್ ಹೇಗೆ ಹೋಗುತ್ತದೆ? ನನಗೆ ಸರಿ ಕಾಣಲಿಲ್ಲ. ಬದಿಯಡ್ಕದ ಹುಡುಗನ ಹತ್ತಿರ ತೆಗೆದುಕೊಂಡು ಹೋದೆ. ಒಂದೇ ಉಸಿರಿನಲ್ಲಿ ತುಳು, ಮಲಯಾಳ, ಕನ್ನಡ ಮೂರನ್ನೂ ಮಾತಾಡುವವನು. ಅವನು ಇಂಜಿನ್ ಮುಟ್ಟಲೇ ಇಲ್ಲ. ಮೈನ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ಜೋರಾಗಿ ತಿರುಗಿಸಿದ. ಅರ್ಧ ಸುತ್ತಿಗೆ ನಿಂತಿತು. ಮಳೆಗಾಲದ ಕೆಸರು ನೀರು ಒಳಗೆ ಹೋಗಿ ಬ್ರೇಕ್ ಶೂವನ್ನು ಅಗಲಿಸುವ ಕ್ಯಾಮ್ ತುಕ್ಕು ಹಿಡಿದಿತ್ತು. ಬ್ರೇಕ್ ಒತ್ತಿದರೆ ಹಿಡಿಯುತ್ತಿತ್ತು, ಬಿಟ್ಟರೆ ಬಿಡುತ್ತಿರಲಿಲ್ಲ. ಕ್ಯಾಮನ್ನು ಹೊರಗೆಳೆದು, ಮರಳು ಕಾಗದದಲ್ಲಿ ಉಜ್ಜಿ, ಗ್ರೀಸ್ ಹಚ್ಚಿ ಕೂರಿಸಿದ. ಒಂದು ಚಹಾ ಮುಗಿಯುವಷ್ಟರಲ್ಲಿ ಕೆಲಸ ಮುಗಿಯಿತು. ಅವನಿಗೆ ನಮ್ಮ ತೋಟದ ಬಾಳೆಗೊನೆ ಒಂದು ಕೊಟ್ಟುಬಂದೆ.

ಅದಕ್ಕೇ ಹೇಳುವುದು, ಇಂಜಿನ್ ಬಿಚ್ಚಲು ಒಪ್ಪುವ ಮುಂಚೆ ಹೊರಗಿನದೆಲ್ಲ ನೋಡಿ ಮುಗಿಸು. ಚಕ್ರ ಸಲೀಸಾಗಿ ತಿರುಗುತ್ತದಾ, ಗಾಳಿ ಇದೆಯಾ, ಕ್ಲಚ್ ಜಾರುತ್ತಾ, ಏರ್ ಫಿಲ್ಟರ್ ಶುದ್ಧ ಇದೆಯಾ, ಕಿಡಿ ಹಾರಿಸುವ ಪ್ಲಗ್ ಹೇಗಿದೆ. ಪ್ಲಗ್ ಬಿಚ್ಚಿ ನೋಡುವುದು ನೀನೇ ಕಲಿತುಕೋ. ತುದಿ ಕಂದು ಬಣ್ಣಕ್ಕಿದ್ದರೆ ಇಂಜಿನ್ ಸುಖವಾಗಿದೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ. ಜಿಡ್ಡು ಜಿಡ್ಡಾಗಿ ಒದ್ದೆ ಇದ್ದರೆ ಆಯಿಲ್ ಮೇಲೆ ಬರುತ್ತಿದೆ. ಬೋರ್ ಮಾಡಿಸುವುದು ಅಂದರೆ ಸಿಲಿಂಡರಿನ ಒಳಗೋಡೆಯನ್ನು ಕೆತ್ತಿ 0.25, 0.50 ಅಂತ ಹೆಚ್ಚಿನ ಅಳತೆಯ ಪಿಸ್ಟನ್ ಹಾಕುವುದು. ಕೆತ್ತಿದ್ದು ಮತ್ತೆ ಬರುವುದಿಲ್ಲ. ಬೇಕಾದಾಗ ಮಾಡಿಸಲೇಬೇಕು, ಯಾರೋ ಹೇಳಿದರು ಅಂತ ಅಲ್ಲ.

ಮಳೆಗಾಲದಲ್ಲಿ ಗಾಡಿ ಮಿಸ್ ಹೊಡೆದು ನಿಂತರೆ ಗಾಬರಿಯಾಗಬೇಡ. ಪ್ಲಗ್ಗಿನ ಟೋಪಿ ಕಿತ್ತು ಒಳಗಿನ ನೀರು ಕೊಡವಿ, ಒಣ ಬಟ್ಟೆಯಲ್ಲಿ ಒರೆಸಿ ಮತ್ತೆ ಹಾಕು. ಹೆಚ್ಚಾಗಿ ಅಷ್ಟಕ್ಕೇ ಸರಿಯಾಗುತ್ತದೆ. ಸೀಟಿನ ಕೆಳಗೆ ಒಂದು ಹಳೇ ಬನಿಯನ್ ತುಂಡು, ಪ್ಲಗ್ ಸ್ಪ್ಯಾನರ್, ಒಂದು ಪ್ಲಗ್ ಇಟ್ಟಿರು. ಈಗ ಪಂಪಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆಸಿದ ಪೆಟ್ರೋಲ್. 2009ರ ಗಾಡಿಯನ್ನು ಅದಕ್ಕಾಗಿ ಮಾಡಿದ್ದಲ್ಲ. ಎಥನಾಲ್ ನೀರು ಹೀರುತ್ತದೆ, ಹಳೇ ರಬ್ಬರನ್ನೂ ಕೆಡಿಸುತ್ತದೆ. ಪೆಟ್ರೋಲ್ ಪೈಪ್ ಹೊಸತು ಹಾಕಿಸು, ಅದಕ್ಕೇನು ಜಾಸ್ತಿ ಆಗುವುದಿಲ್ಲ. ವಾರಗಟ್ಟಲೆ ಓಡಿಸದೆ ಇಡುವುದಾದರೆ ಪೆಟ್ರೋಲ್ ಟ್ಯಾಪ್ ಬಂದ್ ಮಾಡಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನ ಬಟ್ಟಲಿನ ಅಡಿಯ ಸ್ಕ್ರೂ ಬಿಡಿಸಿ ಪೆಟ್ರೋಲ್ ಇಳಿಸಿಬಿಡು.

ಹೆಲ್ಮೆಟ್ ಮಾತ್ರ ಹೊಸತೇ ಆಗಬೇಕು, ಐಎಸ್‌ಐ ಮಾರ್ಕಿನದ್ದು. ಗಾಡಿಯ ಜೊತೆ ಅವರು ಒಂದು ಕೊಡುತ್ತೇವೆ ಅಂದರೂ ಬೇಡ ಅನ್ನು. ಎರಡು ತೆಗೆದುಕೋ. ಕೇರಳದಲ್ಲಿ ಹಿಂದೆ ಕೂತವರಿಗೂ ಕಡ್ಡಾಯ, ಅಪ್ಪ ನಿನ್ನ ಹಿಂದೆ ಕೂತು ಪೇಟೆಗೆ ಹೋಗುವ ಆಸೆಯಲ್ಲಿದ್ದಾರೆ.

ಬೆಲೆ ಎಷ್ಟು ಹೇಳಿದ್ದಾರೆ ಅಂತ ನೀನು ಬರೆದೇ ಇಲ್ಲ. ಮೊದಲು ಅದನ್ನು ತಿಳಿಸು. ಟಯರ್ ಎರಡೂ ನಯವಾಗಿದ್ದ ಹಾಗೆ ಫೋಟೋದಲ್ಲಿ ಕಂಡಿತು, ಬೆಲೆ ಮಾತಾಡುವಾಗ ಎರಡು ಟಯರ್, ಚೈನ್ ಸೆಟ್, ಬ್ಯಾಟರಿ ಇಷ್ಟರ ಖರ್ಚು ಅದರಲ್ಲಿ ಕಳೆದೇ ಮಾತಾಡು. ವ್ಯಾಪಾರ ಕುದುರಿದರೆ ಮೊದಲ ಸಲ ಕಲ್ಲಡ್ಕ, ವಿಟ್ಲದ ಮೇಲೆ ಹಗಲು ಹೊತ್ತಿನಲ್ಲೇ ಬಾ. ಬರುವಾಗ ಆ ಆಯಿಲ್ ಬಾಟಲಿ ಎರಡು ತಾ, ನನ್ನದಕ್ಕೂ ಬದಲಿಸುವ ಸಮಯ ಆಗಿದೆ.

ಇತಿ,
ಅಮ್ಮ