ಇಡ್ಲಿ ಬೇಯುವ ಹೊತ್ತಿಗೆ ತಪಾಸಣೆ ನಡೆಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಸಚಿವರಿಗೆ,

ಸವಿನಯ ನಮಸ್ಕಾರಗಳು.

ಆರು ವರ್ಷಗಳಿಂದ ನಾನು ಅಲ್ಸರೇಟಿವ್ ಕೊಲೈಟಿಸ್ ಎಂಬ ದೊಡ್ಡಕರುಳಿನ ಉರಿಯೂತದಿಂದ ನರಳುತ್ತಿದ್ದೇನೆ. ರೋಗ ಕೆರಳಿದಾಗ ದಿನಕ್ಕೆ ಹತ್ತು ಬಾರಿ ರಕ್ತಭೇದಿಯಾಗುತ್ತದೆ. ಖಾರ, ಎಣ್ಣೆ, ಹಾಲು ಯಾವುದೂ ಒಗ್ಗುವುದಿಲ್ಲ. ಆಗ ಹೊಟ್ಟೆಯಲ್ಲಿ ನಿಲ್ಲುವುದು ಇಡ್ಲಿಯೊಂದೇ. ಒಂಟಿಯಾಗಿರುವ ನಾನು ಅದನ್ನು ಮನೆಯ ಹತ್ತಿರದ ಹೋಟೆಲಿನಿಂದ ತರುತ್ತಿದ್ದೆ.

ಕಳೆದ ತಿಂಗಳು ಬೆಳಿಗ್ಗೆ ಆರಕ್ಕೇ ಹೋದಾಗ ಅಡುಗೆಮನೆಯ ಬಾಗಿಲು ತೆರೆದಿತ್ತು. ಹಬೆಯಾಡುತ್ತಿದ್ದ ತಟ್ಟೆಯ ಮೇಲೆ, ಒದ್ದೆ ಬಟ್ಟೆ ಇರಬೇಕಾದಲ್ಲಿ, ತೆಳ್ಳಗಿನ ಪ್ಲಾಸ್ಟಿಕ್ ಹಾಳೆಯಿತ್ತು. ಕುಳಿಗಳ ಜಾಗದಲ್ಲಿ ಅದು ಸುಕ್ಕುಗಟ್ಟಿತ್ತು. ಹರಿದ ಚೂರೊಂದು ಇಡ್ಲಿಗೆ ಅಂಟಿಕೊಂಡು ಬಂದಾಗ ಹುಡುಗ ಅದನ್ನು ಉಗುರಿನಿಂದ ಕೆರೆದು ತೆಗೆದು, ಅದೇ ಇಡ್ಲಿಯನ್ನು ನನ್ನ ಪಾರ್ಸೆಲಿಗೆ ಹಾಕಿದ. ಬಟ್ಟೆಯ ಮೇಲೆ ಬೆಂದ ಇಡ್ಲಿಯ ಬೆನ್ನಿಗೆ ನೇಯ್ಗೆಯ ಗುರುತಿರುತ್ತದೆ. ತಿಂಗಳುಗಟ್ಟಲೆ ನಾನು ತಿಂದ ಇಡ್ಲಿಗಳ ಬೆನ್ನು ನುಣ್ಣಗೆ ಹೊಳೆಯುತ್ತಿತ್ತು. ಕೇಳಿದ್ದಕ್ಕೆ ಮಾಲೀಕರು, "ದಿನಾ ಬಟ್ಟೆ ಒಗೆಯೋರು ಯಾರು ಸಾರ್? ಎಲ್ಲ ಕಡೆ ಇದೇ" ಎಂದರು.

ಇದು ತಮಗೆ ಹೊಸ ಸುದ್ದಿಯೇನೂ ಆಗಿರಲಾರದು. 2025ರ ಫೆಬ್ರುವರಿಯಲ್ಲಿ ಸುಮಾರು 250 ಕಡೆ ಇಡ್ಲಿ ಪರೀಕ್ಷಿಸಿ, 50ಕ್ಕೂ ಹೆಚ್ಚು ಕಡೆ ಪ್ಲಾಸ್ಟಿಕ್ ಬಳಕೆ ಕಂಡುಬಂದ ಮೇಲೆ ಸರ್ಕಾರವೇ ಇದನ್ನು ನಿಷೇಧಿಸಿತು. ಹಾಗಿದ್ದೂ ಆ ಹಾಳೆ ತಟ್ಟೆಯ ಮೇಲೆ ಹೇಗೆ ಉಳಿದಿದೆ?

ನನ್ನ ರೋಗಕ್ಕೆ ಇದೇ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಪ್ಲಾಸ್ಟಿಕ್ ಲೇಪನದ ಕಾಗದದ ಲೋಟದಲ್ಲಿ 85ರಿಂದ 90 ಡಿಗ್ರಿ ಬಿಸಿಯ 100 ಮಿಲಿಲೀಟರ್ ನೀರನ್ನು 15 ನಿಮಿಷ ಇಟ್ಟರೆ ಸುಮಾರು 25,000 ಸೂಕ್ಷ್ಮ ಕಣಗಳು ಸೇರುತ್ತವೆಂದು ಖರಗಪುರದ ಐಐಟಿ ಸಂಶೋಧಕರು ತೋರಿಸಿದ್ದಾರೆ. ಇಡ್ಲಿ ಬೇಯುವ ಹಬೆ ಅದಕ್ಕಿಂತಲೂ ಬಿಸಿ. ಇಂಥ ಕಣಗಳು ಇಲಿಗಳ ಕರುಳಿನ ಲೋಳೆಪದರವನ್ನು ಕುಗ್ಗಿಸಿ ಅಲ್ಲಿನ ಸೂಕ್ಷ್ಮಜೀವಿಗಳ ಸಮತೋಲ ಕೆಡಿಸಿದ್ದು ಪ್ರಯೋಗಗಳಲ್ಲಿ ಕಂಡಿದೆ. ಚೀನಾದ ಅಧ್ಯಯನವೊಂದರಲ್ಲಿ ಕರುಳಿನ ಉರಿಯೂತವಿರುವವರ ಮಲದಲ್ಲಿ ಆರೋಗ್ಯವಂತರಿಗಿಂತ ಹೆಚ್ಚು ಕಣಗಳಿದ್ದವು. ಕಣಗಳಿಂದ ರೋಗ ಬಂದಿತೋ, ರೋಗದಿಂದಾಗಿ ಕಣಗಳು ಉಳಿದವೋ ಎಂಬುದು ಅದರಿಂದ ಇತ್ಯರ್ಥವಾಗಲಿಲ್ಲ; ಇತ್ಯರ್ಥವಾಗುವವರೆಗೆ ನನ್ನ ಹುಣ್ಣಾದ ಕರುಳೇ ಪ್ರಯೋಗಶಾಲೆಯಾಗಬೇಕೆ?

ಬೆಳಗಿನ ಐದರಿಂದ ಏಳರೊಳಗೆ, ಇಡ್ಲಿ ಬೇಯುವಾಗಲೇ ತಪಾಸಣೆ ನಡೆಸಿ. ಹನ್ನೊಂದು ಗಂಟೆಗೆ ಹೋದವರಿಗೆ ತೊಳೆದಿಟ್ಟ ತಟ್ಟೆಗಳಷ್ಟೇ ಕಾಣುತ್ತವೆ. ಬಿಸಿ ಸಾಂಬಾರನ್ನು ಪ್ಲಾಸ್ಟಿಕ್ ಕವರಿಗೆ ಕಟ್ಟಿಕೊಡುವುದನ್ನೂ ಆಗಲೇ ತಡೆಯಿರಿ. ಮತ್ತೆ ಕೇಳುತ್ತೇನೆ, ಇಡ್ಲಿ ಬೇಯುವಾಗಲೇ ಬನ್ನಿ. ಆ ಹೋಟೆಲನ್ನು ನಾನೇ ತೋರಿಸುತ್ತೇನೆ.

ಇಂತಿ,
ಕರುಳಿನ ರೋಗಿಯಾದ ಒಬ್ಬ ನಾಗರಿಕ